ಮದುವೆ ಸರ್ಟಿಫಿಕೇಟಿಗೆ ಅಪೊಸ್ಟಿಲ್: ಬೆಂಗಳೂರಿನ ರೈಲು ಹತ್ತುವ ಮೊದಲು

ಮಸ್ಕತ್‌ನ ಕುಟುಂಬ ವೀಸಾಕ್ಕಾಗಿ ಬೆಳಗಾವಿಯಿಂದ ಮದುವೆ ಸರ್ಟಿಫಿಕೇಟಿಗೆ ಅಪೊಸ್ಟಿಲ್ (ನಮ್ಮ ಕಾಗದವನ್ನು ವಿದೇಶದಲ್ಲಿ ಒಪ್ಪುವಂತೆ ವಿದೇಶಾಂಗ ಸಚಿವಾಲಯ ಕೊಡುವ ದೃಢೀಕರಣ) ಮಾಡಿಸಿದ ಮೇಲೆ ತಿಳಿದದ್ದನ್ನು ಬರೆಯುತ್ತಿದ್ದೇನೆ. ಓಡಾಟ ಬೆಂಗಳೂರಿನಲ್ಲಿ, ಆದರೆ ಕೆಲಸ ಕೆಡುವುದು ಇಲ್ಲಿಯ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕೊಟ್ಟ ಹೆಸರಿನಿಂದ.

ಮೊದಲು ಹೋಗುವ ದೇಶ ಯಾವುದೆಂದು ನೋಡಿ. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶವಾದರೆ ಅಪೊಸ್ಟಿಲ್ ಒಂದೇ ಸಾಕು. ಭಾರತಕ್ಕೆ ಇದು ಜಾರಿಯಾದದ್ದು 2005ರಲ್ಲಿ. ಒಮಾನ್ 2012ರಿಂದ, ಬಹ್ರೇನ್ 2013ರ ಕೊನೆಯಿಂದ ಇವೆ. ಸೌದಿಗೆ 2022ರ ಡಿಸೆಂಬರ್‌ನಿಂದ, ಕೆನಡಾಕ್ಕೆ 2024ರ ಜನವರಿಯಿಂದ ಅನ್ವಯ. ಸೇರದ ದೇಶಕ್ಕೆ ಹೋಗುವವರು ವಿದೇಶಾಂಗ ಸಚಿವಾಲಯದ ದೃಢೀಕರಣದ ಮೇಲೆ ಆ ದೇಶದ ರಾಯಭಾರ ಕಚೇರಿಯ ಮೊಹರನ್ನೂ ಪಡೆಯಬೇಕು. ಹಳೆಯ ಪಟ್ಟಿ ನಂಬಿ ಬೇಡದ ಮೊಹರಿಗೆ ದುಡ್ಡು ಕಟ್ಟಬೇಡಿ.

ಇನ್ನು ಹೆಸರು. ನಮ್ಮ ಕಡೆ ಲಗ್ನದಲ್ಲಿ ಅಕ್ಕಿಯ ಮೇಲೆ ಬರೆದು ಸೊಸೆಗೆ ಹೊಸ ಹೆಸರಿಡುವ ಮನೆಗಳು ಬಹಳ. ಲಗ್ನಪತ್ರಿಕೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಗಂಡನ ಅಡ್ಡಹೆಸರು, ಪಾಸ್‌ಪೋರ್ಟ್‌ನಲ್ಲಿ ತವರಿನದು. ವಿದೇಶದ ಅಧಿಕಾರಿ ನೋಡುವುದು ಪಾಸ್‌ಪೋರ್ಟನ್ನು. ಮದುವೆ ನೋಂದಣಿಯ ಅರ್ಜಿಯಲ್ಲಿ ಅದರಲ್ಲಿರುವ ಹೆಸರೇ ಬರಬೇಕು, ಇಂಗ್ಲಿಷ್ ಅಕ್ಷರದ ಸಮೇತ. ‘ಪಾಟೀಲ’ಕ್ಕೆ ಒಂದು ಕಡೆ ಒಂದು ‘ಐ’, ಇನ್ನೊಂದು ಕಡೆ ಎರಡು ‘ಇ’ ಇದ್ದರೂ ಪ್ರಶ್ನೆ ಏಳುತ್ತದೆ. ಊರಿನ ಹೆಸರಿಗೆ ಅಷ್ಟು ಹೆದರಬೇಕಿಲ್ಲ: ಬೆಳಗಾಂ ಬೆಳಗಾವಿಯಾದದ್ದು, ಬಿಜಾಪುರ ವಿಜಯಪುರವಾದದ್ದು 2014ರಲ್ಲಿ, ಸರ್ಕಾರವೇ ಮಾಡಿದ ಬದಲಾವಣೆ. ತಪ್ಪಿದ್ದರೆ ನೋಂದಣಿ ಕಚೇರಿಯಲ್ಲೇ ತಿದ್ದಿಸಿ. ಮೊಹರು ಬಿದ್ದ ಮೇಲೆ ತಿದ್ದಿಸಿದರೆ ಇಡೀ ಸರಣಿ ಮತ್ತೆ ಮೊದಲಿನಿಂದ.

ಸರಣಿ ಎಂದೆ, ಅದು ಹೀಗೆ: ಮೊದಲು ನೋಂದಣಿ ಕಚೇರಿ, ಆಮೇಲೆ ರಾಜ್ಯದ ಗೃಹ ಇಲಾಖೆ, ಕೊನೆಗೆ ವಿದೇಶಾಂಗ ಸಚಿವಾಲಯ. ಪ್ರತಿ ಹಂತದವರೂ ಹಿಂದಿನವರ ಸಹಿ, ಮೊಹರು ನಿಜವೇ ಎಂದಷ್ಟೇ ದೃಢೀಕರಿಸುತ್ತಾರೆ. ಒಳಗಿನ ವಿವರಕ್ಕೆ ಅವರು ಹೊಣೆಯಲ್ಲ. ಆದ್ದರಿಂದ ಹತ್ತು ವರ್ಷದ ಹಿಂದೆ ಕೈಯಲ್ಲಿ ಬರೆದುಕೊಟ್ಟ, ಮೊಹರು ಮಾಸಿದ ಪ್ರತಿಗಿಂತ ಈಗಿನ ಅಧಿಕಾರಿಯ ಸಹಿ ಇರುವ ಹೊಸ ದೃಢೀಕೃತ ಪ್ರತಿ ಒಳ್ಳೆಯದು. ಎರಡು ಪ್ರತಿ ತೆಗೆದುಕೊಳ್ಳಿ. ಲ್ಯಾಮಿನೇಷನ್ ಮಾತ್ರ ಬೇಡ. ಪ್ಲಾಸ್ಟಿಕ್ ಮೇಲೆ ಮೊಹರು ನಿಲ್ಲುವುದಿಲ್ಲ.

ಗಡಿ ಭಾಗದವರಿಗೆ ಮುಖ್ಯವಾದ ಮಾತು: ಕೊಲ್ಹಾಪುರದಲ್ಲೋ ಸೊಲ್ಲಾಪುರದಲ್ಲೋ ನೋಂದಣಿಯಾದ ಮದುವೆಗೆ ಬೆಂಗಳೂರಿನ ಸಹಿ ನಡೆಯುವುದಿಲ್ಲ. ಸರ್ಟಿಫಿಕೇಟ್ ಕೊಟ್ಟ ರಾಜ್ಯವೇ ದೃಢೀಕರಿಸಬೇಕು, ಆ ಕಾಗದ ಮುಂಬೈಗೆ ಹೋಗಬೇಕು. ಇಬ್ಬರ ಆಧಾರ್ ಬೆಳಗಾವಿಯದಾದರೂ ಅಷ್ಟೇ.

ಕರ್ನಾಟಕದ ಸರ್ಟಿಫಿಕೇಟ್ ಬೆಂಗಳೂರಿನ ರಾಜ್ಯ ಗೃಹ ಇಲಾಖೆಗೆ ಹೋಗುತ್ತದೆ. ಮೂಲ ಪ್ರತಿ, ಅದರ ಜೆರಾಕ್ಸ್, ಇಬ್ಬರ ಪಾಸ್‌ಪೋರ್ಟ್ ಪ್ರತಿ ಜೊತೆಗಿರಲಿ. ಆಮೇಲೆ ವಿದೇಶಾಂಗ ಸಚಿವಾಲಯ. ಅದು ನೇರವಾಗಿ ಜನರಿಂದ ಕಾಗದ ತೆಗೆದುಕೊಳ್ಳುವುದಿಲ್ಲ. ತಾನು ನೇಮಿಸಿದ ಏಜೆನ್ಸಿಗಳ ಮೂಲಕವೇ ಕೊಡಬೇಕು. ಅವುಗಳ ಹೆಸರು ಸಚಿವಾಲಯದ ವೆಬ್‌ಸೈಟ್‌ನಲ್ಲಿವೆ. ಸರ್ಕಾರಿ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ, ಮೇಲೆ ಏಜೆನ್ಸಿಯ ಸೇವಾ ಶುಲ್ಕ. ಇಷ್ಟು ಗೊತ್ತಿದ್ದರೆ ಮಧ್ಯವರ್ತಿ ಸಾವಿರಗಟ್ಟಲೆ ಹೇಳಿದಾಗ ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಕೇಳಬಹುದು.

ಕೆಲವರು ಗೃಹ ಇಲಾಖೆ ಬಿಟ್ಟು ದೆಹಲಿಯ ಎಸ್‌ಡಿಎಂ (ಉಪವಿಭಾಗಾಧಿಕಾರಿ) ಸಹಿ ಹಾಕಿಸಿ ಬೇಗ ಕೊಡುತ್ತೇವೆ ಎನ್ನುತ್ತಾರೆ. ಆ ದಾರಿ ಇದೆ ನಿಜ, ಆದರೆ ಎಲ್ಲ ದೇಶದವರೂ ಒಪ್ಪುವುದಿಲ್ಲ. ಕಾಗದ ಬೇಡಿದ ಕಚೇರಿಯವರನ್ನು ಕೇಳದೆ ಹೂಂ ಎನ್ನಬೇಡಿ.

ಅಪೊಸ್ಟಿಲ್ ಎಂದರೆ ಕಾಗದದ ಹಿಂದೆ ಅಂಟಿಸುವ ನಂಬರಿನ ಚೌಕಾಕಾರದ ಸ್ಟಿಕ್ಕರ್. ಕೈಗೆ ಬಂದ ಕೂಡಲೇ ಆ ನಂಬರನ್ನು ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹಾಕಿ ನೋಡಿ, ಎರಡೂ ಬದಿ ಸ್ಕ್ಯಾನ್ ಮಾಡಿಡಿ. ವಿಮಾನ ಹತ್ತುವಾಗ ಅದು ಕೈಚೀಲದಲ್ಲಿರಲಿ, ಲಗೇಜಿನಲ್ಲಿ ಬೇಡ.