ಫ್ರೆಟ್ ಬಝ್: ಮೊದಲು ಜಾಗ ಹುಡುಕಿದೆ, ಆಮೇಲೆ ಅಲೆನ್ ಕೀ ಹಿಡಿದೆ

ಗಿಟಾರ್ ತಂತಿ ಫ್ರೆಟ್‌ಗೆ (ನೆಕ್, ಅಂದರೆ ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿಗೆ) ತಾಗಿ ಜರ್ ಅಂದ ಕೂಡಲೇ ಬ್ರಿಡ್ಜ್‌ನ ಸ್ಯಾಡಲ್ (ತಂತಿ ಕೂರುವ ತುಂಡು) ಎತ್ತುವವರೇ ಹೆಚ್ಚು. ಸದ್ದು ಅಡಗುತ್ತದೆ ನಿಜ. ಆದರೆ ಒತ್ತಲು ಬೆರಳು ನೋಯುತ್ತದೆ, ಕಾರಣ ಇದ್ದಲ್ಲೇ ಇರುತ್ತದೆ. ನನ್ನದು ಫೆಂಡರ್ ಕಂಪನಿಯ ಸ್ಟ್ರಾಟ್ ಮಾದರಿಯ ಎಲೆಕ್ಟ್ರಿಕ್ ಗಿಟಾರ್: 25.5 ಇಂಚಿನ ಸ್ಕೇಲ್ (ನುಡಿಯುವ ತಂತಿಯ ಉದ್ದ), 9.5 ಇಂಚಿನ ರೇಡಿಯಸ್ (ಫಿಂಗರ್‌ಬೋರ್ಡ್‌ನ ಕಮಾನು), 10–46 ತಂತಿ (ಇಂಚಿನ ಸಾವಿರದ ಲೆಕ್ಕದಲ್ಲಿ ದಪ್ಪ). ಹೊಸ ತಂತಿ ಹಾಕಿ, ಶ್ರುತಿ ಮಾಡಿ, ಆರೂ ತಂತಿಗಳನ್ನು ಪ್ರತಿ ಫ್ರೆಟ್‌ನಲ್ಲೂ ನುಡಿಸಿ, ಜರ್ ಬಂದ ಜಾಗಗಳನ್ನು ಗುರುತು ಹಾಕಿಕೊಂಡೆ.

ಜಾಗವೇ ಕಾರಣ ಹೇಳುತ್ತದೆ. 1ರಿಂದ 5ನೇ ಫ್ರೆಟ್‌ವರೆಗೆ ಬಂದರೆ ನೆಕ್ ತೀರಾ ನೇರವಾಗಿದೆ, ಇಲ್ಲವೇ ಹಿಂದಕ್ಕೆ ಬಾಗಿದೆ. 12ರ ಮೇಲೆ ಬಂದರೆ ಸಾಮಾನ್ಯವಾಗಿ ಸ್ಯಾಡಲ್ ತಗ್ಗಿದೆ. ಒತ್ತದೆ ಬಿಟ್ಟ ತಂತಿಯಲ್ಲಿ ಮಾತ್ರ ಬಂದರೆ ನಟ್‌ನ (ನೆಕ್‌ನ ತಲೆಯ ಬಳಿ ತಂತಿ ಹಾದುಹೋಗುವ ಪಟ್ಟಿಯ) ತೋಡು ಆಳವಾಗಿದೆ. ಅದಕ್ಕೆ ತೋಡಿನಲ್ಲಿ ಚಿಟಿಕೆ ಅಡುಗೆ ಸೋಡಾ ತುಂಬಿ ಒಂದು ಹನಿ ಫೆವಿಕ್ವಿಕ್ ಬಿಟ್ಟು, ಗಟ್ಟಿಯಾದ ಮೇಲೆ ಸಣ್ಣ ಅರದಿಂದ ಮತ್ತೆ ಕೊರೆಯಬಹುದು. ನನಗೆ ಸಿಕ್ಕಿದ್ದು ಎರಡು: ಮೊದಲ ಐದು ಫ್ರೆಟ್, ಮತ್ತೆ 3ನೇ ತಂತಿಯ 7ನೇ ಫ್ರೆಟ್ ಒಂದೇ.

ಅಳೆಯಲು ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ನೋಡುವ ಫೀಲರ್ ಗೇಜ್ ಸಾಕು. 1ನೇ ಫ್ರೆಟ್‌ಗೆ ಕ್ಯಾಪೊ (ಎಲ್ಲ ತಂತಿ ಒತ್ತಿಡುವ ಕ್ಲಿಪ್) ಹಾಕಿ, 6ನೇ, ಅಂದರೆ ಅತಿ ದಪ್ಪ ತಂತಿಯನ್ನು 17ರಲ್ಲಿ ಒತ್ತಿ, 8ನೇ ಫ್ರೆಟ್ ಮೇಲಿನ ಸಂದನ್ನು ಅಳೆದೆ. 0.25 ಮಿ.ಮೀ. ಇರಬೇಕಾದಲ್ಲಿ 0.05ರ ಎಲೆಯೂ ನುಸುಳಲಿಲ್ಲ. ಟ್ರಸ್ ರಾಡನ್ನು (ನೆಕ್ ಒಳಗೆ ಅದರ ಬಾಗು ಹೊಂದಿಸುವ ಸರಳನ್ನು) ಅಲೆನ್ ಕೀಯಿಂದ ಎಡಕ್ಕೆ ಎಂಟನೇ ಒಂದು ಸುತ್ತಷ್ಟೇ ಸಡಿಲಿಸಿ, ಮತ್ತೆ ಶ್ರುತಿ ಮಾಡಿ, ಅಳೆದೆ, ಇದನ್ನೇ ಇನ್ನೊಮ್ಮೆ. ರಾಡ್ ಬಿಗಿಯಾಗಿ ಕೂತಿದ್ದರೆ ಬಲ ಹಾಕಬೇಡಿ. ಕೀ ಸಡಿಲವಾಗಿದ್ದರೆ ರಾಡ್ ತುದಿಯ ಮೂಲೆ ಸವೆದು ಹೋಗುತ್ತದೆ, ಆಮೇಲೆ ರಿಪೇರಿ ಬಲು ಕಷ್ಟ. ಮೈಸೂರಿನಲ್ಲಿ ಮಾರ್ಚ್‌ನ ಒಣಹವೆಗೂ ಜುಲೈನ ತೇವಕ್ಕೂ ನೆಕ್ ಒಂದೇ ತರಹ ನಿಲ್ಲುವುದಿಲ್ಲ. ಎರಡೂ ಕಾಲದಲ್ಲಿ ಅಳೆಯಬೇಕು.

7ನೇ ಫ್ರೆಟ್‌ನ ಜರ್‌ಗೆ ಕಾರಣ 8ನೆಯದು. ನೇರ ಅಂಚಿನ ಉಕ್ಕಿನ ತುಂಡನ್ನು 7, 8, 9ರ ಮೇಲಿಟ್ಟಾಗ ತೊಟ್ಟಿಲಿನಂತೆ ತೂಗಿತು. ನಮ್ಮ ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ, ಬಿಸಿ ಮಾಡಿ ಸರಿಪಡಿಸಬಹುದು. ಗಿಟಾರ್ ಫ್ರೆಟ್ ಮರದ ತೋಡಿಗೆ ಬಡಿದು ಕೂರಿಸಿದ್ದು. ನೆಕ್ ಕೆಳಗೆ ಮರಳಿನ ಚೀಲ ಕೊಟ್ಟು, ಪ್ಲಾಸ್ಟಿಕ್ ಸುತ್ತಿಗೆಯಿಂದ ಎರಡು ಏಟು ಹಾಕಿದ ಮೇಲೂ ಕೂದಲೆಳೆಯಷ್ಟು ತೂಗುತ್ತಿತ್ತು. ಫಿಂಗರ್‌ಬೋರ್ಡ್‌ಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಫ್ರೆಟ್ ತಲೆಗೆ ಮಾರ್ಕರ್ ಬಳಿದು, ಸಣ್ಣ ಅರದಿಂದ ಉಜ್ಜಿದೆ. ಚಪ್ಪಟೆಯಾದ ತಲೆಯನ್ನು ಮತ್ತೆ ದುಂಡಗೆ ಮಾಡಿ 600, 1000 ನಂಬರಿನ ಕಾಗದದಲ್ಲಿ ನುಣುಪು ಮಾಡಿದೆ. ಪಿಕಪ್ (ತಂತಿಯ ಕಂಪನ ಹಿಡಿಯುವ ಆಯಸ್ಕಾಂತದ ಭಾಗ) ಮೇಲೂ ಟೇಪ್ ಇರಲಿ, ಉಜ್ಜಿದ ಲೋಹದ ಪುಡಿ ಅದಕ್ಕೆ ಸೇರಬಾರದು.

ಇಷ್ಟಾದ ಮೇಲೆಯೇ ಸ್ಯಾಡಲ್. 17ನೇ ಫ್ರೆಟ್‌ನ ತಲೆಯಿಂದ ತಂತಿಯ ತಳಕ್ಕೆ 1.6 ಮಿ.ಮೀ. ಫೆಂಡರ್ ಹೇಳುವ ಅಳತೆ; ಪಿಕ್ ಜೋರಾಗಿ ಹೊಡೆಯುವುದರಿಂದ ದಪ್ಪ ತಂತಿಗಳಿಗೆ 1.8 ಇಟ್ಟೆ. ಆರೂ ಸ್ಯಾಡಲ್ ಒಂದೇ ಮಟ್ಟ ಬೇಡ, ಬೋರ್ಡ್‌ನ ಕಮಾನನ್ನೇ ಅನುಸರಿಸಬೇಕು.

ಇಂಟೊನೇಶನ್‌ಗೆ (ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿ ಬರಲು) 12ನೇ ಫ್ರೆಟ್‌ನ ಹಾರ್ಮೋನಿಕ್ (ತಂತಿ ಒತ್ತದೆ, ಬೆರಳು ತಾಗಿಸಿ ನುಡಿಸಿದ ಸ್ವರ) ಮತ್ತು ಒತ್ತಿದ ಸ್ವರ ಒಂದೇ ಬರಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲ್ ಹಿಂದಕ್ಕೆ (ನೆಕ್‌ನಿಂದ ದೂರಕ್ಕೆ), ಇಳಿದಿದ್ದರೆ ಮುಂದಕ್ಕೆ. ಕೊನೆಯ ಫ್ರೆಟ್ ಒತ್ತಿ ಪಿಕಪ್ ದೂರ ನೋಡಿದೆ: ದಪ್ಪ ತಂತಿಗೆ 2, ಸಣ್ಣದಕ್ಕೆ 1.6 ಮಿ.ಮೀ. ಇದಕ್ಕಿಂತ ಹತ್ತಿರವಾದರೆ ಆಯಸ್ಕಾಂತವೇ ತಂತಿಯನ್ನು ಎಳೆದು ಸ್ವರ ಕೆಡಿಸುತ್ತದೆ. ಪ್ಲಗ್ ಹಾಕದೆ ನುಡಿಸಿದಾಗ 6ನೇ ತಂತಿ ಇನ್ನೂ ತುಸು ಜರ್ ಅನ್ನುತ್ತದೆ. ಆಂಪ್‌ನಲ್ಲಿ ಕೇಳುವುದಿಲ್ಲ, ಹಾಗಾಗಿ ಬಿಟ್ಟೆ.