ಖಾನಾಪುರ ರಸ್ತೆಯಲ್ಲಿ ಗಾಡಿ ಎಣಿಸಿದ್ದು

ನಾನು ರಸ್ತೆ ಎಂಜಿನಿಯರ್ ಅಲ್ಲ. ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಯಲ್ಲಿ, ಪ್ಲಾನಿಂಗ್ ನೋಡಿಕೊಳ್ಳುವವನು. ಬೆಳಿಗ್ಗೆ ಹುಡುಗರು ಖಾನಾಪುರ ರಸ್ತೆಯಲ್ಲಿ ಸಿಕ್ಕಿಹಾಕಿಕೊಂಡಿರುತ್ತಾರೆ, ಇತ್ತ ಫರ್ನೆಸ್ ಕಾದು ಕೂತಿರುತ್ತದೆ, ಕರೆಂಟ್ ಮೀಟರ್ ಮಾತ್ರ ಓಡುತ್ತಿರುತ್ತದೆ. ಇದಕ್ಕೇನಾದರೂ ಮಾಡೋಣ ಅಂತ ಅಕ್ಕಪಕ್ಕದ ಕಾರ್ಖಾನೆಯವರು ಸೇರಿದಾಗ ನಾಲ್ಕು ಸಲಹೆ ಬಂದವು. ರಸ್ತೆ ಅಗಲ ಮಾಡಿಸಿ ಅಂತ ಮನವಿ ಕೊಡುವುದು, ಸಿಗ್ನಲ್ ಟೈಮ್ ಬದಲಿಸಲು ಕೇಳುವುದು, ಎಲ್ಲರೂ ಸೇರಿ ಬಸ್ ಇಡುವುದು, ಪಾಳಿ ಶುರುವಾಗುವ ಹೊತ್ತು ಬೇರೆ ಬೇರೆ ಮಾಡುವುದು. ಯಾವುದು ಸರಿ ಅಂತ ನೋಡಿ ಹೇಳುವ ಕೆಲಸ ನನಗೆ ಬಿತ್ತು. ಮೀಟಿಂಗ್‌ನಲ್ಲಿ ಜಾಸ್ತಿ ಮಾತಾಡಿದ್ದರ ಫಲ, ಇನ್ನೇನು.

ಮೊದಲ ದಿನದ ಎಣಿಕೆ ಪೂರ್ತಿ ದಂಡ. ಕಾರ್ಖಾನೆಗೆ ವಾರದ ರಜೆ ಇದ್ದ ದಿನವೇ ಬಿಡುವಾಗಿದ್ದೇನಲ್ಲ ಅಂತ ಹೋಗಿ ಕೂತಿದ್ದೆ! ರಸ್ತೆ ಆರಾಮಾಗಿತ್ತು. ಆಮೇಲೆ ಕೆಲಸದ ದಿನಗಳಲ್ಲಿ, ಮೂರನೇ ರೈಲ್ವೆ ಗೇಟಿನ ಹತ್ತಿರದ ಚಹಾ ಅಂಗಡಿಯಲ್ಲಿ ಕೂತು ಕಾಲು ಗಂಟೆಗೊಂದು ಸಾಲಿನಂತೆ ಬರೆದೆ. ಕಾಲು ಗಂಟೆ ಯಾಕೆಂದರೆ, ಇಡೀ ಗಂಟೆಯ ಲೆಕ್ಕದಲ್ಲಿ ಗದ್ದಲ ಕಾಣುವುದೇ ಇಲ್ಲ, ಸರಾಸರಿಯಲ್ಲಿ ಮುಚ್ಚಿಹೋಗುತ್ತದೆ. ಚಹಾ ಕಾಕಾ ಮೂರು ದಿನ ನೋಡಿ ಕೇಳಿದರು: "ಎಣಿಸಿದ್ರ ಗಾಡಿ ಕಡಿಮಿ ಆಗ್ತಾವೇನ್ರಿ ಸರ?"

ಎಣಿಸಿದ್ದನ್ನು ಹಾಗೇ ಕೂಡಿಸಬಾರದು ಅಂತ ಆಮೇಲೆ ಗೊತ್ತಾಯಿತು. ಒಂದು ಬೈಕೂ ಒಂದು ಬಸ್ಸೂ ಒಂದೇ ಅಲ್ಲವಲ್ಲ. ರಸ್ತೆಗಳಿಗೆ ಮಾನದಂಡ ಮಾಡುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1990ರಲ್ಲಿ ನಗರದ ರಸ್ತೆಗಳಿಗೆ ಕೊಟ್ಟ ಲೆಕ್ಕ ಇದೆ. ಕಾರು ಒಂದು ಅಂತ ಹಿಡಿದರೆ, ದ್ವಿಚಕ್ರ ಜಾಸ್ತಿ ಇರುವ ರಸ್ತೆಯಲ್ಲಿ ಒಂದು ಬೈಕು 0.75. ಬಸ್ಸು ಹೆಚ್ಚೆಂದರೆ 3.7. ಅಂದರೆ 40 ಜನ ಒಬ್ಬೊಬ್ಬರೇ ಬೈಕಲ್ಲಿ ಬಂದರೆ 30 ಕಾರಿನ ಜಾಗ ಹೋಯಿತು. ಅದೇ ಜನ ಒಂದು ಬಸ್ಸಲ್ಲಿ ಬಂದರೆ ನಾಲ್ಕು ಕಾರಿನ ಜಾಗವೂ ಬೇಡ. ಇಷ್ಟಕ್ಕೇ ಬಸ್ಸಿನ ಪರವಾಗಿ ಬರೆದುಬಿಡುತ್ತಿದ್ದೆ. ಆದರೆ ನಮ್ಮ ಹುಡುಗರು ಒಂದೇ ಕಡೆಯಿಂದ ಬರುವುದಿಲ್ಲ, ವಡಗಾವಿ, ಅನಗೋಳ, ಶಹಾಪುರ ಅಂತ ಹಂಚಿಹೋಗಿದ್ದಾರೆ. ಬೈಕಿನ ಕಂತು ಬೇರೆ ಕಟ್ಟುತ್ತಿದ್ದಾರೆ. ಬಸ್ ಇಟ್ಟರೆ ಹತ್ತುವವರೆಷ್ಟು ಅಂತ ಕೇಳಿದಾಗ ಕೈ ಎತ್ತಿದವರು ಕಡಿಮೆ.

ಅಗಲ ಮಾಡುವ ಸಲಹೆಗೆ ಎಲ್ಲರ ಒಲವು ಇತ್ತು. ಫೌಂಡ್ರಿಯವರಿಗೆ ನಾನು ಕೇಳಿದ್ದು ಇಷ್ಟೇ: ಅಚ್ಚು ಮಾಡುವ ಮೋಲ್ಡಿಂಗ್ ಲೈನ್ ನಿಧಾನ ಇದ್ದಾಗ ಫರ್ನೆಸ್ ದೊಡ್ಡದು ಮಾಡಿದರೆ ಮಾಲು ಜಾಸ್ತಿ ಬರುತ್ತದಾ? ರಸ್ತೆಯ ಮೋಲ್ಡಿಂಗ್ ಲೈನ್ ಅಂದರೆ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲುವ ಗೆರೆ. ಅಲ್ಲಿ ಎಷ್ಟು ದಾಟುತ್ತದೋ ಅಷ್ಟೇ. ಇದಕ್ಕೆ ನಮ್ಮ ದೇಶದಲ್ಲಿ ಬಳಸುವ ಒಂದು ಸೂತ್ರ ಸುಲಭ: ಗೆರೆಯ ಹತ್ತಿರ ರಸ್ತೆ ಎಷ್ಟು ಮೀಟರ್ ಅಗಲವೋ ಅದನ್ನು 525ರಿಂದ ಗುಣಿಸಿ. 7 ಮೀಟರ್ ಇದ್ದರೆ 3,675. ಗಂಟೆಪೂರ್ತಿ ಹಸಿರು ಇದ್ದರೆ ಇಷ್ಟು ಕಾರು ದಾಟುತ್ತವೆ. ಆದರೆ 120 ಸೆಕೆಂಡಿನ ಸುತ್ತಿನಲ್ಲಿ ನಮಗೆ ಹಸಿರು 30 ಸೆಕೆಂಡ್ ಸಿಕ್ಕರೆ ದಾಟುವುದು ಕಾಲುಭಾಗ, ಸುಮಾರು 920. ನಡುವೆ ರಸ್ತೆಯನ್ನು ನಾಲ್ಕು ಪಟ್ಟು ಅಗಲ ಮಾಡಿ, ಗೆರೆ ಹಾಗೇ ಇದ್ದರೆ ಅದೇ 920. ಹಸಿರು ಇನ್ನು 6 ಸೆಕೆಂಡ್ ಸಿಕ್ಕರೆ 1,100 ಆಗುತ್ತದೆ, ಖರ್ಚಿಲ್ಲ. ಆ ಸೆಕೆಂಡು ಅಡ್ಡರಸ್ತೆಯವರ ಪಾಲಿನದು, ಅವರು ಸುಮ್ನಿರುತ್ತಾರಾ ಅನ್ನುವುದು ಬೇರೆ ಮಾತು.

ಈ ಲೆಕ್ಕ ಮಾಡುವಾಗಲೇ ಯಾರೂ ಹೇಳದ ಐದನೇ ಸಲಹೆ ಸಿಕ್ಕಿತು. ಸಿಗ್ನಲ್ಲಿನ ಬಾಯಲ್ಲೇ ಟಂಟಂಗಳು, ಅಂದರೆ ಶೇರ್ ಆಟೋಗಳು, ಜನ ತುಂಬಿಸಿಕೊಳ್ಳಲು ನಿಲ್ಲುತ್ತವೆ. ಒಂದು ನಿಂತರೆ ಒಂದೂವರೆ ಮೀಟರ್ ಹೋಯಿತು. 7 ಮೀಟರ್ ಐದೂವರೆ ಆಯಿತು, 920 ಇದ್ದದ್ದು 720 ಚಿಲ್ಲರೆಗೆ ಇಳಿಯಿತು. ಅವರನ್ನು ಮುಂದಕ್ಕೆ ಸರಿಸಿದರೆ ಅದೇ ರಸ್ತೆ ಅಗಲ ಮಾಡಿದ ಹಾಗೆ. ಒಬ್ಬ ಟಂಟಂ ಅಣ್ಣನಿಗೆ ಹೇಳಿದೆ. "ಅಲ್ಲಿ ನಿಂತ್ರ ಮಂದಿ ಎಲ್ಲಿ ಬರ್ತಾರ್ರಿ ಸಾಹೇಬ್ರ?" ಅಂದ. ಅವನ ಮಾತೂ ಸುಳ್ಳಲ್ಲ.

ಕೊನೆಗೆ ನಾನು ಮೊದಲ ಸ್ಥಾನ ಕೊಟ್ಟದ್ದು ಪಾಳಿ ಬದಲಿಸುವುದಕ್ಕೆ. ಗಂಟೆಗೆ 900 ದಾಟುವ ಜಾಗಕ್ಕೆ 990 ಬಂದವು ಅಂತಿಟ್ಟುಕೊಳ್ಳಿ. ಗಂಟೆ ಮುಗಿದಾಗ 90 ಉಳಿದಿರುತ್ತವೆ, ಕೊನೆಯವನು ಆರು ನಿಮಿಷ ಕಾಯಬೇಕು. ಹತ್ತರಲ್ಲಿ ಒಬ್ಬ ಬೇರೆ ಹೊತ್ತಿಗೆ ಬಂದರೆ ಸಾಲೇ ಕಟ್ಟುವುದಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ 2006ರಲ್ಲಿ ನಗರದೊಳಗೆ ಹೋಗಿಬರುವ ಗಾಡಿಗಳಿಗೆ ಶುಲ್ಕ ಹಾಕಿ ನೋಡಿದಾಗ ಗಾಡಿ ಇಳಿದದ್ದು ಸುಮಾರು ಶೇ. 20, ಕಾಯುವ ಹೊತ್ತು ಇಳಿದದ್ದು ಅದಕ್ಕಿಂತ ಜಾಸ್ತಿ. ಶುಲ್ಕದ ಮಾತು ನಮಗೆ ಬೇಡ, ಆದರೆ ಸ್ವಲ್ಪ ಜನ ಸರಿದರೆ ಸಾಕು ಅನ್ನುವ ಲೆಕ್ಕ ಅದೇ.

ನಾವೇ ಮೊದಲು ಪಾಳಿ ಅರ್ಧ ಗಂಟೆ ಬೇಗ ಶುರು ಮಾಡೋಣ ಅಂದಾಗ, ಅಚ್ಚಿನ ಒಳಗಿಡುವ ತಿರುಳು ಮಾಡುವ ಕೋರ್ ಶಾಪ್‌ನ ಅಕ್ಕ ಒಬ್ಬರು ಎದ್ದು ನಿಂತರು. "ನಾ ಅಷ್ಟು ಲಗೂ ಮನಿ ಬಿಟ್ರ ಹುಡುಗರ ಡಬ್ಬಿ ಯಾರ ಕಟ್ತಾರ್ರಿ ಸರ?" ನನ್ನ ಹಾಳೆಯಲ್ಲಿ ಈ ಪ್ರಶ್ನೆಗೆ ಕಾಲಂ ಇರಲಿಲ್ಲ. ಅದಕ್ಕೇ ಮೋಲ್ಡಿಂಗ್‌ನವರು ಅರ್ಧ ಗಂಟೆ ಬೇಗ, ಕೋರ್ ಶಾಪ್‌ನವರು ಅರ್ಧ ಗಂಟೆ ತಡ ಅಂತ ಮಾಡಿದೆವು. ಈಗ ಫರ್ನೆಸ್ ಕಾಯುವುದು ಕಡಿಮೆಯಾಗಿದೆ. ಪಕ್ಕದ ಕಾರ್ಖಾನೆಯವರು ಇನ್ನೂ ಯೋಚನೆ ಮಾಡುತ್ತಿದ್ದಾರೆ.

ಟಂಟಂ ಮಾತ್ರ ಅಲ್ಲೇ ನಿಲ್ಲುತ್ತದೆ. ಮಳೆ ಬಂದ ದಿನ ನಾನೂ ಅಲ್ಲೇ ಹತ್ತುತ್ತೇನೆ.