ಕ್ಯಾಮೆರಾ ಫೋನು: ಗಾಳಿಸುದ್ದಿಯನ್ನು ಜರಡಿ ಹಿಡಿದು, ಆಕ್ಸೆಸರಿಯನ್ನು ಅಳೆದು ಕೊಳ್ಳುವ ಬಗೆ

ಒಳ್ಳೆಯ ಕ್ಯಾಮೆರಾಕ್ಕೆ ಹೆಸರಾದ ಫೋನಿನ ಮುಂದಿನ ಮಾದರಿ ಬಿಡುಗಡೆಯಾಗುವ ತಿಂಗಳುಗಳ ಮೊದಲೇ ಅದರ ಸೆನ್ಸರಿನ (ಬೆಳಕನ್ನು ಚಿತ್ರವಾಗಿಸುವ ಚಿಪ್ಪಿನ) ಗಾತ್ರ, ಜೂಮ್‌ನ ಅಳತೆ, ಬಣ್ಣಗಳ ಹೆಸರು ಎಲ್ಲವೂ ಸುದ್ದಿಯಾಗಿರುತ್ತವೆ. ಎಷ್ಟೋ ಸಲ ಫೋನಿಗಿಂತ ಮೊದಲೇ ಅದರ ಕವರು ಮಾರಾಟಕ್ಕೆ ಬಂದಿರುತ್ತದೆ. ಈ ಗದ್ದಲಕ್ಕೆ ಕಿವಿಗೊಡುವ ಮುನ್ನ ಮಾಡಬೇಕಾದ ಒಂದು ಕೆಲಸವಿದೆ. ಈಗಿರುವ ಫೋನಿನಲ್ಲಿ ತೆಗೆದ ಕೊನೆಯ ಐವತ್ತು ಚಿತ್ರಗಳನ್ನು ತೆರೆದು, ಅಳಿಸಿಹಾಕಬೇಕೆನಿಸುವವನ್ನು ಬೇರೆ ಮಾಡಿ, ಪ್ರತಿಯೊಂದೂ ಏಕೆ ಕೆಟ್ಟಿತೆಂದು ಒಂದೊಂದು ಮಾತಿನಲ್ಲಿ ಬರೆದುಕೊಳ್ಳಿ: ಮಗು ಓಡುತ್ತಿತ್ತು, ಕೈ ನಡುಗಿತು, ವೇದಿಕೆ ದೂರವಿತ್ತು, ಕತ್ತಲೆಯಿತ್ತು. ನನಗೆ ಬೇಕಾದದ್ದು ಹೆಚ್ಚಿನ ಜೂಮ್ ಎಂದು ನಾನು ಬಹಳ ದಿನ ನಂಬಿದ್ದೆ. ಪಟ್ಟಿ ಮಾಡಿ ನೋಡಿದಾಗ ಅರ್ಧಕ್ಕಿಂತ ಹೆಚ್ಚು ಚಿತ್ರಗಳನ್ನು ಕೆಡಿಸಿದ್ದು ಲೆನ್ಸಿನ ಮೇಲಿದ್ದ ಬೆರಳಿನ ಜಿಡ್ಡು ಮತ್ತು ಸಂಜೆಯ ಮಂದ ಬೆಳಕು. ಮೊದಲನೆಯದಕ್ಕೆ ಮೆತ್ತನೆಯ ಬಟ್ಟೆ ಸಾಕಾಯಿತು. ಮುಂದೆ ಬರುವ ಪ್ರತಿಯೊಂದು ಸುದ್ದಿಯನ್ನೂ ಈ ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು.

ಗಾಳಿಸುದ್ದಿ ನಿಜವಾದಾಗಲೂ ಎಷ್ಟು ಕಡಿಮೆ ಹೇಳುತ್ತದೆ ಎಂಬುದಕ್ಕೆ ನೋಕಿಯಾ ಲೂಮಿಯಾ 1020 ಈಗಲೂ ಒಳ್ಳೆಯ ಉದಾಹರಣೆ. 2012ರ ಫೆಬ್ರವರಿಯಲ್ಲಿ 41 ಮೆಗಾಪಿಕ್ಸೆಲ್‌ನ ನೋಕಿಯಾ 808 ಪ್ಯೂರ್‌ವ್ಯೂ ಪ್ರಕಟವಾದ ಮೇಲೆ, ಅಂಥದೇ ಕ್ಯಾಮೆರಾ ಇರುವ ವಿಂಡೋಸ್ ಫೋನ್ ಬರಲಿದೆ, ಅದರ ಸಂಕೇತನಾಮ ಇಯೋಸ್ ಎಂಬ ಮಾತು ತಿಂಗಳುಗಟ್ಟಲೆ ಹರಿದಾಡಿತು. 2013ರ ಜುಲೈ 11ರಂದು ನ್ಯೂಯಾರ್ಕಿನಲ್ಲಿ ಲೂಮಿಯಾ 1020 ಪ್ರಕಟವಾದಾಗ 41 ಎಂಬ ಅಂಕಿ ನಿಜವೇ ಆಯಿತು. ಆದರೆ 808ರಲ್ಲಿ 1/1.2 ಇಂಚಿನದಾಗಿದ್ದ ಸೆನ್ಸರು ಇದರಲ್ಲಿ 1/1.5 ಇಂಚಿಗೆ ಇಳಿದಿತ್ತು, ಅದಕ್ಕೆ ಪ್ರತಿಯಾಗಿ ಕೈನಡುಕವನ್ನು ತಡೆಯುವ ಆಪ್ಟಿಕಲ್ ಸ್ಟೆಬಿಲೈಸೇಶನ್ ಬಂದಿತ್ತು, 808ರಲ್ಲಿದ್ದ ಮೆಮೊರಿ ಕಾರ್ಡಿನ ಜಾಗ ಮಾಯವಾಗಿತ್ತು. ಒಂದು ಚಿತ್ರ ತೆಗೆದರೆ ಮುಂದಿನದಕ್ಕೆ ಕೆಲವು ಸೆಕೆಂಡು ಕಾಯಬೇಕಾಗುತ್ತಿತ್ತು. ಓಡುವ ಮಗುವಿನ ಹಿಂದೆ ಬಿದ್ದವರಿಗೆ 41ಕ್ಕಿಂತ ಆ ಕೆಲವು ಸೆಕೆಂಡುಗಳೇ ದೊಡ್ಡ ಸಂಗತಿ, ಮತ್ತು ಅಂಥ ಸಂಗತಿ ಸಿಗುವುದು ಫೋನನ್ನು ಬಳಸಿದವರ ಬಾಯಲ್ಲಿ ಮಾತ್ರ.

ಸೋರಿಕೆಯಾದ ಮಾಹಿತಿಯೆಲ್ಲ ಒಂದೇ ತೂಕದ್ದಲ್ಲ. ಕವರು ತಯಾರಿಸುವವರಿಗೆ ಅಚ್ಚು ಮಾಡಿಕೊಳ್ಳಲು ಫೋನಿನ ಹೊರ ಅಳತೆ ಮುಂಚಿತವಾಗಿ ಬೇಕು. ಆ ನಕ್ಷೆಗಳಿಂದ ಮೂಡಿದ ಚಿತ್ರಗಳು ಉದ್ದ, ಅಗಲ, ಕ್ಯಾಮೆರಾ ಉಬ್ಬಿನ ಆಕಾರ, ಗುಂಡಿಗಳ ಜಾಗ ಇಷ್ಟರ ಮಟ್ಟಿಗೆ ಹೆಚ್ಚಾಗಿ ಸರಿಯಿರುತ್ತವೆ. ಆ ಉಬ್ಬಿನೊಳಗೆ ಯಾವ ಸೆನ್ಸರಿದೆ ಎಂಬುದು ನಕ್ಷೆಯಲ್ಲಿರುವುದಿಲ್ಲ, ಹಾಗಾಗಿ ಅಂಥ ಚಿತ್ರದ ಜೊತೆ ಬರುವ ಸೆನ್ಸರಿನ ಮಾತನ್ನು ಬೇರೆಯಾಗಿಯೇ ತೂಗಬೇಕು. ಇದಕ್ಕಿಂತ ಗಟ್ಟಿಯಾದವು ಸರ್ಕಾರಿ ಪ್ರಮಾಣೀಕರಣದ ದಾಖಲೆಗಳು: ಅಮೆರಿಕದ ಎಫ್‌ಸಿಸಿ ದಾಖಲೆಯಲ್ಲಿ ಮಾದರಿ ಸಂಖ್ಯೆ ಮತ್ತು ರೇಡಿಯೋ ಬ್ಯಾಂಡ್‌ಗಳು, ಚೀನಾದ 3ಸಿ ದಾಖಲೆಯಲ್ಲಿ ಚಾರ್ಜಿಂಗ್‌ನ ವ್ಯಾಟ್ ಸಿಗುತ್ತವೆ. ಮಾದರಿ ಸಂಖ್ಯೆಯೊಂದು ಅಲ್ಲಿ ಕಾಣಿಸಿಕೊಂಡಿತೆಂದರೆ ಫೋನು ನಿಜವಾಗಿಯೂ ಇದೆ ಎಂದರ್ಥ. ಚಿತ್ರ ಹೇಗೆ ಬರುತ್ತದೆ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಫೋನಿನ ವೇಗವನ್ನು ಅಳೆಯುವ ಬೆಂಚ್‌ಮಾರ್ಕ್ ಅಂಕಗಳನ್ನು ನಾನು ಓದುವುದನ್ನೇ ಬಿಟ್ಟಿದ್ದೇನೆ, ಏಕೆಂದರೆ ಸಾಧನದ ಹೆಸರನ್ನು ಬದಲಿಸಿ ಅಂಕ ಏರಿಸುವುದು ಕಷ್ಟದ ಕೆಲಸವಲ್ಲ.

ಎಲ್ಲಕ್ಕಿಂತ ಹೆಚ್ಚು ಮರುಳು ಮಾಡುವುದು ಮಾದರಿ ಚಿತ್ರಗಳು. "ಹೊಸ ಫೋನಿನಲ್ಲಿ ತೆಗೆದದ್ದು" ಎಂಬ ಚಿತ್ರ ಕಂಡರೆ, ಸಾಧ್ಯವಿದ್ದಲ್ಲಿ ಅದರ ಮೂಲ ಫೈಲನ್ನೇ ಇಳಿಸಿಕೊಂಡು ಎಕ್ಸಿಫ್ ಮಾಹಿತಿಯನ್ನು, ಎಂದರೆ ಚಿತ್ರ ತೆಗೆದ ಬಗೆಯನ್ನು ಕ್ಯಾಮೆರಾ ಫೈಲಿನೊಳಗೇ ಬರೆದಿಡುವ ವಿವರವನ್ನು, ನೋಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ಪ್ರಾಪರ್ಟೀಸ್ ತೆರೆದರೆ ಡೀಟೇಲ್ಸ್ ಎಂಬ ಭಾಗದಲ್ಲಿ ಅದು ಸಿಗುತ್ತದೆ. ಗೂಗಲ್ ಫೋಟೋಸ್‌ನಲ್ಲಿ ಚಿತ್ರವನ್ನು ಮೇಲಕ್ಕೆ ಸರಿಸಿದರೆ ಕಾಣುತ್ತದೆ. ಕ್ಯಾಮೆರಾದ ಹೆಸರು, ಲೆನ್ಸಿನ ಫೋಕಲ್ ಲೆಂಗ್ತ್ (ನೋಟ ಎಷ್ಟು ಅಗಲ ಅಥವಾ ಹತ್ತಿರ ಎಂಬುದರ ಅಳತೆ), ಶಟರ್ ವೇಗ, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) ಈ ನಾಲ್ಕನ್ನು ಗಮನಿಸಿ. 2016ರಲ್ಲಿ ಹುವಾವೆ ಸಂಸ್ಥೆ ತನ್ನ ಪಿ9 ಫೋನಿನ ಪ್ರಚಾರಕ್ಕೆಂದು ಹಾಕಿದ್ದ ಸೂರ್ಯೋದಯದ ಚಿತ್ರವೊಂದರ ಎಕ್ಸಿಫ್‌ನಲ್ಲಿ ಕ್ಯಾನನ್ 5ಡಿ ಮಾರ್ಕ್ 3 ಎಂಬ ದೊಡ್ಡ ಕ್ಯಾಮೆರಾದ ಹೆಸರು ಉಳಿದುಬಿಟ್ಟಿತ್ತು. ಸಂಸ್ಥೆ ಚಿತ್ರವನ್ನು ತೆಗೆದುಹಾಕಿ ಕ್ಷಮೆ ಕೇಳಬೇಕಾಯಿತು. ಅದಕ್ಕೂ ಮೊದಲು, 2012ರಲ್ಲಿ, ಲೂಮಿಯಾ 920ರ ಸ್ಟೆಬಿಲೈಸೇಶನ್ ತೋರಿಸಲು ನೋಕಿಯಾ ಮಾಡಿದ್ದ ವಿಡಿಯೋದಲ್ಲಿ, ಹಿನ್ನೆಲೆಯ ಕಿಟಕಿಯ ಗಾಜಿನಲ್ಲಿ ಬೇರೆ ದೊಡ್ಡ ಕ್ಯಾಮೆರಾ ಹಿಡಿದವರ ಪ್ರತಿಬಿಂಬ ಬಿದ್ದಿತ್ತು. ಅಲ್ಲಿಯೂ ಕ್ಷಮೆಯೇ ಗತಿಯಾಯಿತು. ಎಕ್ಸಿಫ್ ಇಲ್ಲದ ಮಾತ್ರಕ್ಕೆ ಚಿತ್ರ ಸುಳ್ಳೆಂದಾಗಲಿ, ಇದ್ದ ಮಾತ್ರಕ್ಕೆ ನಿಜವೆಂದಾಗಲಿ ಹೇಳುವಂತಿಲ್ಲ: ವಾಟ್ಸಾಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಅಳಿಸಿಹೋಗುತ್ತದೆ, ಮನಸ್ಸು ಮಾಡಿದವರು ಅದನ್ನು ತಿದ್ದಲೂಬಹುದು.

ಬಿಡುಗಡೆಯ ದಿನದ ಅಧಿಕೃತ ಪಟ್ಟಿ ಕೈಗೆ ಬಂದ ಮೇಲೆ ಪ್ರತಿಯೊಂದು ಲೆನ್ಸನ್ನೂ ಬೇರೆ ಬೇರೆಯಾಗಿ ಓದಬೇಕು, ಏಕೆಂದರೆ ಮುಖ್ಯ ಕ್ಯಾಮೆರಾದ ಹೊಗಳಿಕೆಯ ಮರೆಯಲ್ಲಿ ಉಳಿದೆರಡು ಲೆನ್ಸುಗಳು ಹಳೆಯ ಮಾದರಿಯವೇ ಆಗಿರುವುದುಂಟು. ಒಂದು ಇಂಚಿನ ಸೆನ್ಸರು ಎಂದರೆ ಅದರ ಯಾವ ಬದಿಯೂ ಒಂದು ಇಂಚಿರುವುದಿಲ್ಲ. ಹಳೆಯ ವಿಡಿಯೋ ಟ್ಯೂಬಿನ ಲೆಕ್ಕದಿಂದ ಬಂದ ಹೆಸರದು, ನಿಜವಾದ ಕರ್ಣದ ಅಳತೆ ಸುಮಾರು 16 ಮಿಲಿಮೀಟರ್. 200 ಮೆಗಾಪಿಕ್ಸೆಲ್ ಎಂದು ಬರೆದಿದ್ದರೆ, ಫೋನು ಸಾಮಾನ್ಯವಾಗಿ ಹದಿನಾರು ಪಿಕ್ಸೆಲ್‌ಗಳನ್ನು ಒಂದಾಗಿ ಕೂಡಿಸಿ 12.5 ಮೆಗಾಪಿಕ್ಸೆಲ್‌ನ ಚಿತ್ರ ಕೊಡುತ್ತದೆ, ಮಂದ ಬೆಳಕಿನಲ್ಲಿ ಒಳ್ಳೆಯದಾಗುವುದೂ ಆ ಕೂಡಿಕೆಯಿಂದಲೇ. ಜೂಮ್‌ನ ವಿಷಯದಲ್ಲಿ ದೊಡ್ಡ ಅಕ್ಷರದ ಅಂಕಿಯನ್ನು ಬಿಟ್ಟು ಆಪ್ಟಿಕಲ್ ಎಂಬ ಪದದ ಮುಂದಿರುವ ಅಂಕಿಯನ್ನು ಹುಡುಕಿ. 2020ರ ಗ್ಯಾಲಕ್ಸಿ ಎಸ್20 ಅಲ್ಟ್ರಾದ 100 ಪಟ್ಟು ಜೂಮ್‌ನಲ್ಲಿ ಲೆನ್ಸಿನ ಪಾಲು ಚಿಕ್ಕದು, ಉಳಿದದ್ದೆಲ್ಲ ಚಿತ್ರವನ್ನು ಕತ್ತರಿಸಿ ಹಿಗ್ಗಿಸಿದ್ದು.

ಇದೇ ಹೊತ್ತಿಗೆ ತಂತ್ರಾಂಶದ ಅಪ್‌ಡೇಟ್ ಎಷ್ಟು ವರ್ಷ ಸಿಗುತ್ತದೆ ಎಂಬುದನ್ನೂ ನೋಡಬೇಕು. ಇಂದಿನ ಫೋನಿನಲ್ಲಿ ಚಿತ್ರದ ಅರ್ಧ ಭಾಗ ತಂತ್ರಾಂಶದ ಕೈಚಳಕ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24 ಸರಣಿಗಳಿಗೆ ಏಳು ವರ್ಷಗಳ ಭರವಸೆ ಕೊಡಲಾಗಿದೆ. ಲೂಮಿಯಾ 1020 ಕೂಡ ಅಪ್‌ಡೇಟ್‌ನಿಂದಲೇ ರಾ (ಸಂಸ್ಕರಿಸದ ಮೂಲ) ಚಿತ್ರಗಳನ್ನು ಉಳಿಸುವ ಸೌಲಭ್ಯ ಪಡೆದಿತ್ತು. ಆದರೆ ಮುಂದಿನ ಆವೃತ್ತಿಯಾದ ವಿಂಡೋಸ್ 10 ಮೊಬೈಲ್ ಅದಕ್ಕೆ ಅಧಿಕೃತವಾಗಿ ಬರಲಿಲ್ಲ, ಮತ್ತು ವಿಂಡೋಸ್ ಫೋನ್ 8.1ರ ಬೆಂಬಲ 2017ರ ಜುಲೈ 11ರಂದು, ಫೋನು ಪ್ರಕಟವಾಗಿ ಸರಿಯಾಗಿ ನಾಲ್ಕು ವರ್ಷಕ್ಕೆ, ನಿಂತುಹೋಯಿತು. ಕ್ಯಾಮೆರಾದ ಗಾಜು ಆಗಲೂ ಚೆನ್ನಾಗಿಯೇ ಇತ್ತು.

ಆಕ್ಸೆಸರಿಗಳನ್ನು ಆರಿಸುವ ದಾರಿಯೂ ಇಲ್ಲಿಯೇ ತೆರೆಯುತ್ತದೆ. ಆ ಫೋನಿಗೆಂದೇ ನೋಕಿಯಾ ಒಂದು ಕ್ಯಾಮೆರಾ ಗ್ರಿಪ್ ಮಾಡಿತ್ತು: ಬೆರಳಿಗೆ ಹಿಡಿತ, ಎರಡು ಹಂತದ ಶಟರ್ ಗುಂಡಿ, ಕೆಳಗೆ ಟ್ರೈಪಾಡ್ ತಿರುಪಿನ ತೂತು, ಒಳಗೆ 1020 ಎಂಎಎಚ್‌ನ ಬ್ಯಾಟರಿ. ಬಹಳ ಚೆಲುವಾದ ವಸ್ತು. ಬೇರೆ ಯಾವ ಫೋನಿಗೂ ಹೊಂದುವುದಿಲ್ಲ. ಅದರ ಕೆಳಗೆ ಬಿಗಿಯುತ್ತಿದ್ದ ಟ್ರೈಪಾಡ್ ಮಾತ್ರ ಫೋನು ಹಿಡಿಯುವ ಇಂದಿನ ಬಹುತೇಕ ಎಲ್ಲ ಕ್ಲಾಂಪಿಗೂ ಹೊಂದುತ್ತದೆ, ಏಕೆಂದರೆ ಕಾಲು ಇಂಚಿನ ಆ ತಿರುಪು ಬಹುತೇಕ ಎಲ್ಲ ಕ್ಯಾಮೆರಾಗಳಿಗೂ ಒಂದೇ ಅಳತೆಯದು. ಆದ್ದರಿಂದ ಫೋನಿನ ಮೈಗೆ ಅಂಟಿದ ಸಾಧನಕ್ಕೆ ಕಡಿಮೆ, ಸಾಮಾನ್ಯ ಅಳತೆಗೆ ಹೊಂದುವ ಸಾಧನಕ್ಕೆ ಹೆಚ್ಚು ಖರ್ಚು ಮಾಡುವುದು ನನ್ನ ಲೆಕ್ಕ. ಫೋನಿಗೆಂದೇ ಮಾಡಿದ ಕಿಟ್‌ನಲ್ಲಿಯೂ ಈ ವ್ಯತ್ಯಾಸವನ್ನು ಹುಡುಕಬಹುದು: ಶಿಯೋಮಿ 14 ಅಲ್ಟ್ರಾದ ಫೋಟೋಗ್ರಫಿ ಕಿಟ್ ಆ ಫೋನಿಗೆ ಮಾತ್ರ ಹೊಂದುತ್ತದೆ, ಆದರೆ ಅದರ ಉಂಗುರ 67 ಮಿಲಿಮೀಟರಿನದಾದ್ದರಿಂದ ಅದಕ್ಕೆ ಕೊಂಡ ಫಿಲ್ಟರುಗಳು ಮಾಮೂಲಿ ಕ್ಯಾಮೆರಾ ಲೆನ್ಸಿಗೂ ಆಗುತ್ತವೆ. ಬಿಡುಗಡೆಗೆ ಮೊದಲೇ ಕವರು ಕೊಳ್ಳುವವರು ಗಾಳಿಸುದ್ದಿಯ ಮೇಲೆ ಹಣ ಹೂಡುತ್ತಿದ್ದಾರೆ ಎಂಬುದು ನೆನಪಿರಲಿ. ಉಬ್ಬಿನ ಜಾಗ ಒಂದೆರಡು ಮಿಲಿಮೀಟರ್ ಅತ್ತಿತ್ತಾದರೂ ಕವರಿನ ಅಂಚು ಅಗಲದ ಲೆನ್ಸಿನ ಚಿತ್ರದ ಮೂಲೆಯಲ್ಲಿ ಕಪ್ಪಾಗಿ ಕಾಣಿಸುತ್ತದೆ.

ಮೊದಲು ಕೊಳ್ಳಬೇಕಾದದ್ದು ಚಿಕ್ಕ ಟ್ರೈಪಾಡ್ ಮತ್ತು ಗಟ್ಟಿ ಕ್ಲಾಂಪ್. ಕ್ಲಾಂಪನ್ನು ಹಾಕುವಾಗ ಅದರ ದವಡೆ ಪಕ್ಕದ ಗುಂಡಿಗಳ ಮೇಲೆ ಕೂರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಬಿಗಿದ ಕ್ಷಣದಲ್ಲೇ ಪರದೆ ಆರಿಹೋಗುತ್ತದೆ. ಶಟರನ್ನು ಬೆರಳಿನಿಂದ ಒತ್ತದೆ ಮೂರು ಸೆಕೆಂಡಿನ ಟೈಮರ್ ಇಡಿ. ನನ್ನ ಪಟ್ಟಿಯಲ್ಲಿದ್ದ ಸಂಜೆಯ ಚಿತ್ರಗಳಲ್ಲಿ, ಕದಲದ ವಸ್ತುಗಳವೆಲ್ಲ ಇದೊಂದರಿಂದಲೇ ಸರಿಹೋದವು.

ಎನ್‌ಡಿ ಫಿಲ್ಟರು ಮುಖ್ಯವಾಗಿ ವಿಡಿಯೋ ಮಾಡುವವರಿಗೆ ಬೇಕಾದದ್ದು. ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಬದಲಾಗುವುದಿಲ್ಲ, ಆದ್ದರಿಂದ ಬಿಸಿಲಿನಲ್ಲಿ ಶಟರ್ ಬಹಳ ವೇಗವಾಗಿ ಓಡಿ ಚಲನೆ ತುಂಡುತುಂಡಾಗಿ ಕಾಣುತ್ತದೆ; ಸೆಕೆಂಡಿಗೆ 25 ಫ್ರೇಮಿನ ವಿಡಿಯೋಗೆ ಶಟರನ್ನು 1/50 ಸೆಕೆಂಡಿಗೆ ಇಳಿಸಲು ಬೆಳಕನ್ನು ತಡೆಯುವ ಈ ಕಪ್ಪುಗಾಜು ನೆರವಾಗುತ್ತದೆ. ಕ್ಲಿಪ್ಪಿನಿಂದ ಸಿಕ್ಕಿಸುವ ಅಗ್ಗದ ಲೆನ್ಸುಗಳು ಚಿತ್ರದ ಅಂಚನ್ನು ಕದಡುತ್ತವೆ, ಅವನ್ನು ಬಿಟ್ಟರೆ ನಷ್ಟವಿಲ್ಲ.

ಹೊರಗಿನ ಎಸ್‌ಎಸ್‌ಡಿಗೆ (ವೇಗದ ಸಂಗ್ರಹ ಡ್ರೈವಿಗೆ) ವಿಡಿಯೋ ಉಳಿಸುವ ಆಲೋಚನೆಯಿದ್ದರೆ ಪೋರ್ಟಿನ ಆಕಾರ ನೋಡಿ ನಂಬಬೇಡಿ. ಐಫೋನ್ 15 ಮತ್ತು 15 ಪ್ರೊ ಎರಡರಲ್ಲಿಯೂ ಯುಎಸ್‌ಬಿ-ಸಿ ಇದೆ. ಮೊದಲನೆಯದರ ವೇಗ ಸೆಕೆಂಡಿಗೆ 480 ಮೆಗಾಬಿಟ್, ಎರಡನೆಯದರದು 10 ಗಿಗಾಬಿಟ್‌ವರೆಗೆ. ಕೇಬಲಿಗೂ ಇದೇ ಮಾತು ಅನ್ವಯಿಸುತ್ತದೆ: ಚಾರ್ಜರಿನ ಜೊತೆ ಬಂದ ಕೇಬಲು ಸಾಮಾನ್ಯವಾಗಿ ನಿಧಾನದ್ದು.

ಮ್ಯಾಗ್ನೆಟ್ ಇರುವ ಸ್ಟ್ಯಾಂಡ್, ಪವರ್ ಬ್ಯಾಂಕ್‌ಗಳು ಈಗ ಕ್ಯೂಐ2 ಎಂಬ ವೈರ್‌ಲೆಸ್ ಚಾರ್ಜಿಂಗ್ ಅಳತೆಯಿಂದಾಗಿ ಹಲವು ಫೋನುಗಳಿಗೆ ಹೊಂದುತ್ತವೆ. ಆದರೆ ಮ್ಯಾಗ್ನೆಟ್ಟು ಕ್ಯಾಮೆರಾದ ತೀರ ಹತ್ತಿರ ಬರಬಾರದು, ಏಕೆಂದರೆ ಸ್ಟೆಬಿಲೈಸೇಶನ್ ಮತ್ತು ಆಟೋಫೋಕಸ್‌ಗಳು ಸ್ವತಃ ಕಾಂತದ ಬಲದಿಂದ ನಡೆಯುತ್ತವೆ. ದೊಡ್ಡ ಎಂಜಿನ್ನಿನ ಮೋಟಾರ್‌ಸೈಕಲ್ಲಿನ ಹ್ಯಾಂಡಲಿಗೆ ಫೋನನ್ನು ನೇರವಾಗಿ ಬಿಗಿದರೆ ಅದರ ಕಂಪನದಿಂದ ಇವೇ ಭಾಗಗಳು ಹಾಳಾಗಬಹುದೆಂದು ಆಪಲ್ 2021ರಲ್ಲಿ ಎಚ್ಚರಿಸಿದೆ; ಬಿಗಿಯಲೇಬೇಕಿದ್ದರೆ ಕಂಪನ ತಡೆಯುವ ಮೌಂಟ್ ಬಳಸಿ.

ಕೊನೆಯದಾಗಿ ಲೆನ್ಸಿನ ಮೇಲೆ ಅಂಟಿಸುವ ರಕ್ಷಣಾ ಗಾಜು. ಹೊಸ ಫೋನು ಕೊಂಡ ದಿನವೇ ನಾನೂ ಒಂದನ್ನು ಅಂಟಿಸಿದ್ದೆ. ಹಗಲಿನ ಚಿತ್ರಗಳಲ್ಲಿ ಏನೂ ಗೊತ್ತಾಗಲಿಲ್ಲ. ರಾತ್ರಿ ಬೀದಿದೀಪಗಳ ಸಾಲನ್ನು ತೆಗೆದಾಗ ಪ್ರತಿ ದೀಪಕ್ಕೂ ಚೌಕಟ್ಟಿನ ಎದುರು ಮೂಲೆಯಲ್ಲಿ ಹಸಿರು ನೆರಳೊಂದು, ಅದರ ಸುತ್ತ ಹಾಲು ಚೆಲ್ಲಿದಂಥ ಮಬ್ಬು. ಫೋನಿನ ಸ್ವಂತ ಲೆನ್ಸಿನಿಂದಲೂ ಇಂಥ ನೆರಳು ಸ್ವಲ್ಪ ಮಟ್ಟಿಗೆ ಬೀಳುವುದರಿಂದ, ತಪ್ಪು ಯಾರದೆಂದು ತಿಳಿಯಲು ಹೋಲಿಕೆಯೊಂದೇ ದಾರಿ. ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ, ಕತ್ತಲಾದ ಮೇಲೆ ಫೋನನ್ನು ಟ್ರೈಪಾಡಿನ ಮೇಲೆ ದೀಪದ ಕಡೆಗೆ ನಿಲ್ಲಿಸಿ ಒಂದು ಚಿತ್ರ ತೆಗೆಯಿರಿ. ಟ್ರೈಪಾಡ್ ಕದಲದಂತೆ ಗಾಜನ್ನು ಬಿಡಿಸಿ, ಲೆನ್ಸು ಒರೆಸಿ, ಇನ್ನೊಂದು ತೆಗೆಯಿರಿ. ಎರಡನ್ನೂ ಪೂರ್ತಿ ಹಿಗ್ಗಿಸಿ ಪಕ್ಕಪಕ್ಕದಲ್ಲಿ ನೋಡಿ. ನಾನು ಆ ಗಾಜನ್ನು ಮತ್ತೆ ಅಂಟಿಸಲಿಲ್ಲ.